ಮೀನುಬಾತಿನ ಎಡೆ

ಪಿತೃಪಕ್ಷ ಶುರುವಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಯ ಹಿತ್ತಲಿನಿಂದ ಮೀನುಬಾತು ಬೇಯುವ ವಾಸನೆ ಬರುತ್ತದೆ. ಅಪ್ಪ ಸತ್ತ ವರ್ಷದಿಂದ ಹೀಗೆ. ಹಿತ್ತಲಿನಲ್ಲಿ ಈಗ ಒಲೆಯಿಲ್ಲ. ಮೀನುಬಾತು ಎಂಬ ಆ ಹಕ್ಕಿ ನಮ್ಮ ಮನೆಯಲ್ಲಿ ಬೆಂದು ಎಷ್ಟೋ ಕಾಲವಾಯಿತು. ನಾನು ದೆವ್ವ ಭೂತ ನಂಬುವ ಪೈಕಿಯವಳಲ್ಲ. ಚಾಮರಾಜಪುರಂನ ಈ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಊರವರ ರವಿಕೆ ಹೊಲಿದು ಬದುಕಿದವಳು, ನಂಬುವುದಕ್ಕೆ ಪುರುಸೊತ್ತೂ ಇರಲಿಲ್ಲ. ಆದರೆ ಮೂಗು ನನ್ನ ಮಾತು ಕೇಳಬೇಕಲ್ಲ. ವಾಸನೆ ಬಂದಾಗ ಕಾಲು ಪೆಡಲಿನ ಮೇಲೆ ತಾನೇ ನಿಂತುಬಿಡುತ್ತದೆ. ಒಳಗಿನಿಂದ ಅಮ್ಮ ಕೂಗುತ್ತಾಳೆ: "ಬಂದ್ರು ಕಣೆ."

ಮೀನುಬಾತು ಎನ್ನುವುದು ನಮ್ಮ ಮನೆಯೊಳಗಿನ ಹೆಸರು. ಹಕ್ಕಿಗಳ ವಿಷಯ ಬಲ್ಲವರು ಅದು ಬಾತೇ ಅಲ್ಲ, ನೀರುಕಾಗೆ ಎನ್ನುತ್ತಾರೆ. ಅನ್ನಲಿ ಬಿಡಿ. ಕಪ್ಪು ಮೈ, ಉದ್ದ ಕತ್ತು, ನೀರಿನಲ್ಲಿ ಮುಳುಗಿ ಮೀನು ಹಿಡಿದು ಇನ್ನೆಲ್ಲೋ ಏಳುವ ಹಕ್ಕಿ. ಬಾತಿನ ಹಾಗೆ ಈಜುತ್ತದೆ, ಮೀನು ತಿನ್ನುತ್ತದೆ, ನಮಗೆ ಅಷ್ಟು ಸಾಕಿತ್ತು. ಊರಿನಲ್ಲಿ ಬೇಟೆಯಾಡುವವರು ಯಾರೂ ಅದನ್ನು ಹೊಡೆಯುತ್ತಿರಲಿಲ್ಲ. ಮೀನು ತಿಂದು ತಿಂದು ಅದರ ಮಾಂಸವೆಲ್ಲ ಕೆಟ್ಟ ಮೀನಿನ ಹಾಗೆ ನಾರುತ್ತದೆ, ಬಾಯಿಗಿಡುವುದಕ್ಕಾಗುವುದಿಲ್ಲ ಎಂದು ಬಿಟ್ಟುಬಿಡುತ್ತಿದ್ದರು. ಬೇರೆಯವರು ಬಿಟ್ಟದ್ದನ್ನು ಅಪ್ಪ ತರುತ್ತಿದ್ದ. ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸ, ಮನೆಯಲ್ಲಿ ನಾವು ಐದು ಮಕ್ಕಳು. ಕೋಳಿ ಕೊಯ್ಯುವುದು ಹಬ್ಬಕ್ಕೆ, ಇಲ್ಲವೇ ನೆಂಟರು ಬಂದಾಗ.

ಭಾನುವಾರ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಊರಿಗೆ ಹೋಗಿ, ದೊಡ್ಡಪ್ಪನ ನಾಡಬಂದೂಕು ಇಸಿದುಕೊಂಡು ಕೆರೆಗೆ ಇಳಿಯುತ್ತಿದ್ದ. ಹಕ್ಕಿ ಹೊಡೆಯಬಾರದೆಂಬ ಕಾಯಿದೆ ಆಗಲೂ ಇದ್ದಿರಬೇಕು, ನಮ್ಮ ಕೆರೆಯವರೆಗೆ ಬಂದಿರಲಿಲ್ಲ. ಹಠ ಮಾಡಿ ಒಮ್ಮೆ ನಾನೂ ಹೋಗಿದ್ದೆ. ಕೆರೆಯ ನಡುವೆ ಒಂದು ಒಣಮರ, ಅದರ ಮೇಲೆ ಈ ಹಕ್ಕಿಗಳು ರೆಕ್ಕೆ ಬಿಚ್ಚಿಕೊಂಡು ಕೂತಿದ್ದವು, ಒಗೆದ ಅಂಗಿ ಹರವಿದ ಹಾಗೆ. ನೀರಲ್ಲಿದ್ದಾಗ ಹೊಡೆಯಬಾರದಂತೆ, ಮುಳುಗಿಬಿಡುತ್ತದೆ. ರೆಕ್ಕೆ ಒಣಗಿಸುವಾಗ ಅದಕ್ಕೆ ಮೈಮರೆವು. ಅಪ್ಪ ಜೊಂಡಿನ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಎಷ್ಟು ಹೊತ್ತು ಕಾದನೆಂದರೆ ನನಗೆ ತೂಕಡಿಕೆಯೇ ಬಂತು. ಢಮ್ಮೆಂದಾಗ ಎದ್ದು ನೋಡಿದರೆ ಕೆರೆಯ ಮೇಲಿನ ಹಕ್ಕಿಯೆಲ್ಲ ಆಕಾಶದಲ್ಲಿ, ಅಪ್ಪ ಎದೆಯುದ್ದ ನೀರಲ್ಲಿ.

ತಂದು ದಡಕ್ಕೆ ಹಾಕಿದಾಗ ಹಕ್ಕಿ ಇನ್ನೂ ಬಿಸಿಯಾಗಿತ್ತು. ಅದರ ಕಣ್ಣು ಹಸಿರು. ಅಂಥ ಹಸಿರನ್ನು ಆಮೇಲೆ ನಾನು ಯಾವ ರೇಷ್ಮೆಯಲ್ಲೂ ನೋಡಲಿಲ್ಲ. ಕತ್ತು ಹಿಡಿದು ಎತ್ತಿದರೆ ಕೊಕ್ಕಿನಿಂದ ಒಂದು ಮೀನು ಜಾರಿ ಬಿತ್ತು, ಜೀವಂತ, ಮಣ್ಣಿನಲ್ಲಿ ಪಟಪಟ ಹೊಡೆದುಕೊಂಡಿತು. ಅಪ್ಪ ಅದನ್ನು ಬೊಗಸೆಯಲ್ಲಿ ಎತ್ತಿ ನೀರಿಗೆ ಬಿಟ್ಟ. "ನಿನ್ ಆಯಸ್ಸು ಗಟ್ಟಿ ಕಣೋ, ಓಗು" ಅಂದ. ಮೀನು ಹೋಯಿತು. ಹಕ್ಕಿಯ ಕಣ್ಣು ನಮ್ಮನ್ನೇ ನೋಡುತ್ತಿತ್ತು. ವಾಪಸು ಬರುವಾಗ ಸೈಕಲ್ ಹ್ಯಾಂಡಲಿಗೆ ಕಟ್ಟಿದ ಚೀಲ ನನ್ನ ಮೊಣಕಾಲಿಗೆ ತಾಗುತ್ತಿತ್ತು, ನಾನು ಕಾಲು ಮುದುಡಿಕೊಂಡೇ ಕೂತಿದ್ದೆ.

ಆ ಹಕ್ಕಿಯ ನಾತ ತೆಗೆಯುವುದೇ ಅಪ್ಪನ ವಿದ್ಯೆ. ಅದರ ಪುಕ್ಕ ಕೀಳುವ ಹಾಗಿಲ್ಲ, ಚರ್ಮವನ್ನೇ ಸುಲಿಯಬೇಕು. ನಾತವೆಲ್ಲ ಇರುವುದು ಚರ್ಮದಲ್ಲಿ ಮತ್ತು ಚರ್ಮಕ್ಕಂಟಿದ ಹಳದಿ ಕೊಬ್ಬಿನಲ್ಲಿ. ಹಿತ್ತಲ ಸೀಬೆಮರಕ್ಕೆ ಕಾಲು ಕಟ್ಟಿ ತೂಗುಹಾಕಿ, ಸುತ್ತ ಒಂದು ಗೀರು ಹಾಕಿ, ಒದ್ದೆ ರವಿಕೆ ಕಳಚಿದ ಹಾಗೆ ಪುಕ್ಕದ ಸಮೇತ ಕೆಳಗೆಳೆಯುತ್ತಿದ್ದ. ಕೊಬ್ಬನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಆಮೇಲೆ ಹುಳಿ ಮಜ್ಜಿಗೆ, ಅರಿಸಿನ ಹಾಕಿ ನೆನೆಸುವುದು. ಒಂದು ಕುದಿ ಬಂದ ನೀರನ್ನು ಚೆಲ್ಲಿ ಮತ್ತೆ ಹೊಸ ನೀರು ಇಡುವುದು. ಸುಟ್ಟ ಕೊಬ್ಬರಿ, ಸುಟ್ಟ ಈರುಳ್ಳಿ, ಕೈತುಂಬ ಮೆಣಸು. ಅಮ್ಮ ಈ ಹಕ್ಕಿಯನ್ನು ಅಡಿಗೆಮನೆಯ ಹೊಸಿಲು ದಾಟಿಸುತ್ತಿರಲಿಲ್ಲ, ಹಾಗಾಗಿ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದಕ್ಕೆಂದೇ ಒಂದು ಬೇರೆ ಮಡಕೆ. ಅಮ್ಮ ಒಳಗೆ ಮುದ್ದೆ ತೊಳಸುವ ಹೊತ್ತಿಗೆ ಹೊರಗೆ ಘಮ್ಮೆನ್ನುತ್ತಿತ್ತು. ಮೀನಿನ ನಾತ ಎಳ್ಳಷ್ಟೂ ಇರುತ್ತಿರಲಿಲ್ಲ. ಮೆಣಸು, ಸುಟ್ಟ ಕೊಬ್ಬರಿ, ಹೊಗೆ, ಅದರ ಹಿಂದೆ ಎಲ್ಲೋ ಕೆರೆಯ ನೀರಿನ ಒಂದು ಸಣ್ಣ ತಂಪು. ಈಗ ಮಧ್ಯಾಹ್ನ ಬರುವುದು ಇದೇ ವಾಸನೆ.

ಅಪ್ಪನಿಗೆ ಗಂಟಲಿನ ಕಾಯಿಲೆ ಆಯಿತು. ಮೊದಲು ಮುದ್ದೆ ಇಳಿಯಲಿಲ್ಲ, ಆಮೇಲೆ ಅನ್ನ, ಆಮೇಲೆ ಗಂಜಿ. ಕೊನೆಗೆ ಮೂಗಿನಲ್ಲಿ ಕೊಳವೆ ಹಾಕಿದರು. ಸಾಮಿಲ್ಲಿನಲ್ಲಿ ದಿಮ್ಮಿ ಎತ್ತಿದ ತೋಳು ನೂಲಿನ ಹಾಗಾಯಿತು. ಆಸ್ಪತ್ರೆಯಲ್ಲಿ ಮೈಮೇಲೆ ಜ್ಞಾನವಿಲ್ಲದೆ ಮಲಗಿದ್ದವನು ಒಂದು ಸಂಜೆ ಕಣ್ಣು ಬಿಟ್ಟು, ಚೆನ್ನಾಗಿ ಕೇಳುವ ಹಾಗೆ, "ಮೀನುಬಾತು ಬೆಂದದೆ. ತಟ್ಟೆ ತತ್ತಾ" ಅಂದ. ಅಮ್ಮ ಅವನ ಕೈ ಹಿಡಿದುಕೊಂಡು, "ಮನೆಗೆ ಓಗನ ಬುಡಿ, ಮಾಡಿಕೊಡ್ತೀನಿ" ಅಂದಳು. ಅದೇ ಕೊನೆಯ ಮಾತು. ಬೆಳಗಾಗುವುದರೊಳಗೆ ಹೋಗಿಬಿಟ್ಟ.

ಹೊಟ್ಟೆ ಹಸಿದುಕೊಂಡು ಹೋದ ಜೀವ ಎಂದು ಅಮ್ಮ ಅಂದಿನಿಂದ ಕೊರಗಿದ್ದು ಅಷ್ಟಿಷ್ಟಲ್ಲ. ನಮ್ಮಲ್ಲಿ ಪಕ್ಷದ ಹಬ್ಬಕ್ಕೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಎಲೆಗೆ ಹಾಕಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಹೋಗಿ ಕೂರಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು. ಬಾಗಿಲು ತೆಗೆಯುವ ಮುಂಚೆ ಕೆಮ್ಮಬೇಕು, ಊಟಕ್ಕೆ ಕೂತವರು ಗಾಬರಿಯಾಗಬಾರದು. ಆ ಎಲೆಯನ್ನು ನಾವು ಯಾರೂ ಮುಟ್ಟುವುದಿಲ್ಲ, ಕಾಗೆಗಳಿಗೆ ತಾರಸಿಯ ಮೇಲೆ ಹಾಕುತ್ತೇವೆ. ಅಪ್ಪನ ಎಲೆಗೆ ನಾಟಿಕೋಳಿ, ಕೈಮಾ ಉಂಡೆ, ಕಡುಬು, ಬೀಡಿ ಕಟ್ಟು ಎಲ್ಲ ಇಡುತ್ತಿದ್ದೆವು. ಬಾಗಿಲು ತೆಗೆದು ಅಮ್ಮ ಎಲೆಯನ್ನು ನೋಡಿ ನೋಡಿ, "ಮುಟ್ಟಿಲ್ಲ" ಅನ್ನುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದರೆ ಇಷ್ಟೇ: "ಕೇಳಿದ್ದು ಕೊಡ್ದೆ ಬ್ಯಾರೆ ಏನ್ ಇಟ್ರೂ ಅಷ್ಟೇ ಕಣೆ. ಅದುಕ್ಕೇ ಬಂದು ಬಂದು ವಾಸ್ನೆ ತೋರ್ಸಿ ಓಯ್ತಾವ್ರೆ."

ನಾನು ರೇಗುತ್ತಿದ್ದೆ. ಯಾರ ಮನೆಯಲ್ಲೋ ಮೆಣಸು ಹುರಿದಿರುತ್ತಾರೆ, ಸುಮ್ಮನಿರು ಅನ್ನುತ್ತಿದ್ದೆ. ಆ ಸಮಾಧಾನವೂ ಒಂದು ವರ್ಷ ಹೋಯಿತು. ಪಕ್ಕದ ಮನೆಯಾಕೆ ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟದವರು. ವಾಸನೆ ಬಂದ ಆ ಮಧ್ಯಾಹ್ನ ಕಾಂಪೌಂಡಿನ ಆಚೆಯಿಂದ ಸೆರಗು ಮೂಗಿಗೆ ಹಿಡಿದುಕೊಂಡು, "ಬೇಜಾರ್ ಮಾಡ್ಕೋಬೇಡಿ ಕಣ್ರೀ, ಹಿತ್ತಲಲ್ಲಿ ಅದೇನು ಬೇಯಿಸ್ತಿದ್ದೀರೋ, ನಮ್ಮ ದೇವರ ಮನೆ ತನಕ ಬರ್ತಿದೆ. ಸ್ವಲ್ಪ ಒಳಗಡೆ ಮಾಡ್ಕೊಳ್ಳಿ" ಅಂದರು. ನಾವು ಅವತ್ತು ಬೆಳಿಗ್ಗೆ ಮಾಡಿದ ಉಪ್ಪಿಟ್ಟು ಬಿಟ್ಟರೆ ಒಲೆಯನ್ನೇ ಹಚ್ಚಿರಲಿಲ್ಲ. ಆಯ್ತು ಕಣ್ರೀ ಎಂದೆ. ಒಳಗೆ ಬಂದು ಕತ್ತರಿ ಹಿಡಿದೆ. ಒಬ್ಬರ ಒಳ್ಳೇ ರೇಷ್ಮೆ ಕಣ ಅವತ್ತು ಕೆಟ್ಟುಹೋಯಿತು. ಹೆದರಿಕೆ ಆಯಿತು ಎಂದು ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದು ಎದ್ದಳು. ಎದ್ದವಳಿಗೆ ಒಂದೇ ಧ್ಯಾನ. "ನಾನ್ ಓಗೋದ್ರೊಳ್ಗೆ ಅವ್ರು ಉಣ್ಬೇಕು ಕಣೆ. ಬರಿಗೈಲಿ ಎದುರ್ಗೆ ಓಗಿ ನಿಂತ್ಕಂಡ್ರೆ ಏನನ್ಲಿ?" ಆಕೆ ಸಾವಿಗೆ ಹೆದರಿರಲಿಲ್ಲ, ಅಲ್ಲಿ ಹೋಗಿ ಅಪ್ಪನ ಮುಖ ನೋಡುವುದಕ್ಕೆ ಹೆದರಿದ್ದಳು. ಅದು ನನಗೆ ಗೊತ್ತಾದ ಮೇಲೆ ರೇಗುವುದನ್ನು ಬಿಟ್ಟೆ.

ನಾನು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗ್ ಹೋಗುತ್ತೇನೆ, ಮಂಡಿನೋವಿಗೆ ಡಾಕ್ಟರು ಹೇಳಿದ್ದಾರೆ. ಅಲ್ಲಿ ಮೀನುಬಾತುಗಳಿಗೆ ಬರವಿಲ್ಲ. ಮರದ ತುಂಬ ರೆಕ್ಕೆ ಹರವಿಕೊಂಡು ಕೂತಿರುತ್ತವೆ. ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತವರು ಅವುಗಳ ಮುಂದೆ ಉಸಿರು ಹಿಡಿದು ನಿಂತಿರುತ್ತಾರೆ, ಥೇಟ್ ಅಪ್ಪನ ಹಾಗೆ ಕುಕ್ಕರುಗಾಲಲ್ಲಿ. ಅಮ್ಮ ಕೇಳುತ್ತಿದ್ದಳು, "ಅಷ್ಟೊಂದವೆ ಅಂತೀಯ, ಒಂದ್ ತಂದ್ಕೊಡಕ್ಕಾಗಲ್ವಾ?" ಹೂಂ, ರವಿಕೆ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ, ಆಮೇಲೆ ಜೈಲಿಗೆ ಬುತ್ತಿ ತಂದುಕೊಡುವೆಯಂತೆ ಎಂದೆ. ಅಮ್ಮ ನಗಲಿಲ್ಲ. ನಿಜ ಹೇಳಬೇಕೆಂದರೆ, ಕಾಯಿದೆ ಇಲ್ಲದಿದ್ದರೂ ನನ್ನಿಂದ ಆಗುತ್ತಿರಲಿಲ್ಲ. ಆ ಹಕ್ಕಿಗಳು ಕತ್ತು ತಿರುಗಿಸಿ ಹಸಿರು ಕಣ್ಣಿನಿಂದ ನೋಡಿದರೆ ನಾನು ಸೆರಗು ಹೊದ್ದುಕೊಂಡು ಬೇಗ ಬೇಗ ನಡೆದುಬಿಡುತ್ತೇನೆ.

ಬಾತುಕೋಳಿಯ ಉಪಾಯ ಹೊಳೆದದ್ದು ಅಮ್ಮನಿಗೆ. ಸಾಕಿದ ಬಾತು ತಂದು ಮೀನನ್ನೇ ತಿನ್ನಿಸಿದರೆ ಅದೂ ಮೀನುಬಾತೇ ಆಗುತ್ತದಲ್ಲ ಅಂದಳು. ವರುಣಾ ಕಡೆ ನಾಲೆಯ ಬದಿಯಲ್ಲಿ ಬಾತು ಸಾಕುವವರಿಂದ ಒಂದು ಗಂಡುಬಾತು ತಂದೆ, ಆಟೋದಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು. ಅದಕ್ಕೆ ಮೊದಲು ಭತ್ತವೇ ಬೇಕಿತ್ತು. ಎರಡು ದಿನ ಮುನಿಸಿಕೊಂಡು, ಆಮೇಲೆ ನಾನು ಮಾರ್ಕೆಟ್ಟಿನಿಂದ ತಂದ ಸಣ್ಣ ಮೀನು ನುಂಗತೊಡಗಿದ್ದು ನಿಲ್ಲಿಸಲೇ ಇಲ್ಲ. ಬಚ್ಚಲಿನ ಹಂಡೆ ಪಕ್ಕ ಅದರ ಸಂಸಾರ. ಅಮ್ಮ ಕೋಲೂರಿಕೊಂಡು ಹೋಗಿ ಅದರ ಬೆನ್ನು ಮೂಸಿ ನೋಡುತ್ತಿದ್ದಳು. "ಇನ್ನೂ ಸಾಲ್ದು ಕಣೆ, ಇನ್ನೊಸಿ ತಿನ್ಸು." ಪಕ್ಕದ ಮನೆಯಾಕೆ ಈಗ ಗೋಡೆಯ ಹತ್ತಿರ ಬರುವುದನ್ನೇ ಬಿಟ್ಟರು. ಮನೆಯೆಲ್ಲ ಮೀನಂಗಡಿಯಾಯಿತು. ರವಿಕೆ ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದರು.

ಹಬ್ಬದ ಬೆಳಿಗ್ಗೆ ಕೋಳಿ ಅಂಗಡಿಗೆ ಒಯ್ದೆ. "ಸ್ಕಿನ್ ತೆಗೀಲಾ ಅಕ್ಕ?" ಎಂದು ಅಂಗಡಿಯವನು ಕೇಳಿದ. ತೆಗಿ ಎನ್ನಬೇಕು. ಅಪ್ಪನ ಕೆಲಸ ಕಣ್ಣಾರೆ ಕಂಡವಳು ನಾನು. ಆದರೆ ಬರುವಾಗಲೇ ಅಮ್ಮ ಕಟ್ಟಪ್ಪಣೆ ಮಾಡಿದ್ದಳು: ಚರ್ಮ ಇರಲಿ, ಕೊಬ್ಬು ಇರಲಿ, ಮಜ್ಜಿಗೆಯೂ ಬೇಡ. ಸತ್ತವರು ಉಣ್ಣುವುದು ವಾಸನೆಯನ್ನು, ನಾತ ತೆಗೆದುಬಿಟ್ಟರೆ ಇದು ಮೀನುಬಾತು ಎಂದು ಅವರಿಗೆ ತಿಳಿಯುವುದು ಹೇಗೆ, ಬರಿ ಬಾತು ಅಂದುಕೊಂಡು ಎದ್ದುಹೋದರೆ? ತರ್ಕ ಸರಿಯಾಗಿಯೇ ಇತ್ತು. ಚರ್ಮದ ಸಮೇತ ಕೊಡಪ್ಪ ಎಂದೆ.

ಬೇಯುವಾಗಿನ ನಾತವನ್ನು ಏನೆಂದು ಹೇಳಲಿ. ಮೆಣಸು, ಕೊಬ್ಬರಿ, ಚಕ್ಕೆ ಲವಂಗ ಯಾವುದೂ ಅದರ ಮುಂದೆ ನಿಲ್ಲಲಿಲ್ಲ. ಕೊಬ್ಬು ಹಳದಿಯಾಗಿ ಮೇಲೆ ತೇಲುತ್ತಿತ್ತು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ತಿರುವಿದೆ. ಎಲೆ ಹಾಕಿದೆವು, ಮುದ್ದೆ ಇಟ್ಟೆವು, ಸಾರು ಬಿಟ್ಟೆವು, ಅಪ್ಪನ ಫೋಟೋಕ್ಕೆ ಹೂವು ಏರಿಸಿದೆವು. ಅಮ್ಮ ಧೂಪ ಹಾಕಿ, "ಬನ್ನಿ, ಕೇಳಿದ್ದು ಮಾಡಿವ್ನಿ" ಅಂದಳು. ಬಾಗಿಲು ಮುಂದೆ ಮಾಡಿ ಇಬ್ಬರೂ ಜಗಲಿಯ ಮೇಲೆ ಕೂತೆವು. ಬಿಸಿಲು ಚುರುಗುಟ್ಟುತ್ತಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿನಿಂದ ವಾಸನೆ ಬಂತು. ಸುಟ್ಟ ಕೊಬ್ಬರಿ, ಮೆಣಸು, ಸೌದೆಯ ಹೊಗೆ, ಆ ಸಣ್ಣ ತಂಪು. ಮೀನಿನ ನಾತ ಒಂದಿಷ್ಟೂ ಇಲ್ಲ. ಒಳಗೆ ಇದ್ದದ್ದು ಗ್ಯಾಸಿನ ಒಲೆ, ನಾನು ಬೇಯಿಸಿದ ಆ ಗಬ್ಬು ಸಾರು. ಬರುತ್ತಿದ್ದದ್ದು ಅಪ್ಪನ ಮಡಕೆಯ ವಾಸನೆ. ಅಮ್ಮನ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ಮೂಗರಳಿಸಿ ಕೂತಿದ್ದಳು. ಮೆಲ್ಲಗೆ ಕೇಳಿದಳು.

"ನಿಮ್ಮಪ್ಪ ಇದನ್ನ ಉಂಡದ್ದು ನೀನ್ ನೋಡಿದ್ದೀಯಾ?"

ನೋಡದೆ ಏನು ಎನ್ನಲು ಬಾಯಿ ತೆರೆದೆ. ನೆನಪು ಮಾಡಿಕೊಂಡೆ. ಒಲೆಯ ಮುಂದೆ ಹೊಗೆಗೆ ಕಣ್ಣು ಕೆಂಪಾಗಿ ಕೂತ ಅಪ್ಪ. ಸೌಟು ಹಿಡಿದು ನಮ್ಮ ತಟ್ಟೆಗಳ ಮೇಲೆ ಬಾಗಿದ ಅಪ್ಪ. ತೊಡೆ ದೊಡ್ಡಣ್ಣನಿಗೆ, ಎದೆ ಚಿಕ್ಕವಳಿಗೆ, ಈಲಿ, ಅಂದರೆ ಲಿವರು, ನನಗೆ. ಕೊನೆಗೆ ಮಡಕೆಯನ್ನು ಬಾಗಿಸಿ ಅಮ್ಮನ ತಟ್ಟೆಗೆ ಬಳಿದು ಹಾಕಿದ ಅಪ್ಪ. ಆಮೇಲೆ ಬೂದಿ ಹಾಕಿ ಮಡಕೆ ತೊಳೆಯುತ್ತಿದ್ದ ಅಪ್ಪನ ಬೆನ್ನು. ಎಷ್ಟು ಹುಡುಕಿದರೂ ತಟ್ಟೆಯ ಮುಂದೆ ಕೂತ ಅಪ್ಪ ಸಿಗಲಿಲ್ಲ. ಅಷ್ಟು ದೊಡ್ಡದೇನಲ್ಲ ಆ ಹಕ್ಕಿ, ಸುಲಿದ ಮೇಲೆ ಎರಡು ಹಿಡಿ ಮಾಂಸ.

"ಇಲ್ಲ" ಎಂದೆ.

"ನಾನೂ ನೋಡಿಲ್ಲ ಕಣೆ" ಅಂದಳು ಅಮ್ಮ. "ಒಳ್ಗೋಗಿ ಮುದ್ದೆಗೆ ಬರೀ ಉಪ್ಪೆಸ್ರು ಬಿಟ್ಕಂಡು ಉಣ್ಣೋರು. ಎಲ್ಲಾರ್ಗೂ ಆಗಿ ಮಿಕ್ಕಿದ್ರೆ ತಾನೇ." ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡಳು. "ತಟ್ಟೆ ತತ್ತಾ ಅಂದ್ರಲ್ಲ, ಅದು ಅವ್ರಿಗೆ ಅಂದ್ಕಂಡ್ಬುಟ್ಟೆ. ಅವ್ರು ಉಣ್ಣಕ್ ಬತ್ತಾಯಿಲ್ಲ ಮಗ. ಬಡ್ಸಕ್ ಬತ್ತಾವ್ರೆ. ಇಷ್ಟ್ ವರ್ಸದಿಂದ ಬೇಯಿಸ್ಕಂಡು ಕೂತವ್ರೆ, ನಾವ್ ಒಬ್ರೂ ತಟ್ಟೆ ಇಡ್ಕಂಡು ಓಗ್ಲಿಲ್ಲ."

ಹಸಿವಿನಿಂದ ಹೋದ ಅಪ್ಪನಿಗಾಗಿ ನಾನು ಅತ್ತದ್ದಿದೆ. ನಮ್ಮ ಹಸಿವನ್ನೇ ಕಟ್ಟಿಕೊಂಡು ಹೋದ ಅಪ್ಪ ನನಗೆ ಅವತ್ತು ಆ ಜಗಲಿಯ ಮೇಲೆ ಮೊದಲ ಸಲ ಗೊತ್ತಾದ.

ಅಮ್ಮ ಎದ್ದಳು. ಕೆಮ್ಮಲೂ ಇಲ್ಲ, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಒಳಗೆ ಮತ್ತೆ ಅದೇ ಗಬ್ಬು ನಾತ. ಅವಳು ಗೋಡೆ ಹಿಡಿದು, ಮಂಡಿ ಹಿಡಿದು, ನಿಧಾನವಾಗಿ ಕೆಳಗೆ ಕೂತಳು, ಅಪ್ಪನ ಎಲೆಯ ಮುಂದೆ. ಅಮ್ಮ, ಅದು ಎಡೆ ಎಂದೆ. "ಗೊತ್ತು ಬುಡು" ಅಂದು ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಳು. ಹಲ್ಲಿಲ್ಲದ ಬಾಯಲ್ಲಿ ಆ ಚರ್ಮ ಸಹಿತದ ಮಾಂಸವನ್ನು ಅತ್ತಿತ್ತ ಆಡಿಸಿ ನುಂಗಿದಳು. ಮುಖ ಸಿಂಡರಿಸಲಿಲ್ಲ. ಒಂದಾದ ಮೇಲೆ ಒಂದು ತುತ್ತು, ಅವಸರವಿಲ್ಲದೆ, ಯಾರೋ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಉಣ್ಣುತ್ತೇವಲ್ಲ, ಹಾಗೆ ಉಂಡಳು. ನಾನು ಹೊಸಿಲ ಮೇಲೆ ನಿಂತೇ ಇದ್ದೆ. ಸೌಟು ಪಾತ್ರೆಯಲ್ಲಿತ್ತು, ಪಾತ್ರೆ ಅಡಿಗೆಮನೆಯಲ್ಲಿತ್ತು.

ಇದ್ದಕ್ಕಿದ್ದ ಹಾಗೆ ಅಮ್ಮ ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದಳು. ಮುಖ ಎತ್ತಿದಳು. ನನ್ನ ಕಡೆಗಲ್ಲ, ಇನ್ನೊಂದು ಪಕ್ಕಕ್ಕೆ.

"ಸಾಕು ಬುಡಿ. ಒಟ್ಟೆ ತುಂಬ್ತು. ಇನ್ನ ನೀವ್ ಕೂತ್ಕಳಿ."

ಅಂದು, ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಬಿಟ್ಟಳು. ಎಂಜಲು ಕೈ ಹಾಗೇ ಹಿಡಿದುಕೊಂಡು ಆ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಅಲ್ಲಿ ಯಾರೂ ಇಲ್ಲ ಕಣಮ್ಮ ಎಂದು ಹೇಳುವುದು ನನಗೆ ಅಭ್ಯಾಸ, ಮಾತು ನಾಲಿಗೆಯ ತುದಿಯವರೆಗೂ ಬಂತು. ಹೇಳಲಿಲ್ಲ. ಅಡಿಗೆಮನೆಗೆ ಹೋಗಿ ಇನ್ನೊಂದು ಎಲೆ ತೊಳೆದು ತಂದು ಆ ಜಾಗದ ಮುಂದೆ ಹಾಕಿದೆ. ಬಿಸಿ ಮುದ್ದೆ ಇಟ್ಟೆ. ಪಾತ್ರೆಯಲ್ಲಿ ಹುಡುಕಿ ಎರಡು ತೊಡೆ, ಈಲಿ ಎಲ್ಲ ತೆಗೆದು ಹಾಕಿ, ಮೇಲೆ ಸಾರು ಬಿಟ್ಟು, ಬಗ್ಗಿಕೊಂಡು ನಿಂತೆ. ನನ್ನಪ್ಪನಿಗೆ ನಾನು ಬಡಿಸಿದ್ದು ಅದೇ ಮೊದಲು.